ನೆರಿಯಕ್ಕೆ ವಿಚಾರಿಸಲು ಹೋದದ್ದು

ಶಿರ್ತಾಡಿಯಲ್ಲಿ ಯಾರ ಮನೆಯ ಮಿಕ್ಸಿ ಹಾಳಾದರೂ ಅದು ಇದಿನಬ್ಬನ ಅಂಗಡಿಗೇ ಬರುತ್ತದೆ. ತಂದವರು ಏನು ಹೇಳಿದರೂ ಅವನು ನಂಬುವುದಿಲ್ಲ. "ಏನೂ ಮಾಡ್ಲಿಲ್ಲ ಇದಿನಬ್ಬಾಕ, ಅದರಷ್ಟಕ್ಕೇ ನಿಂತುಹೋಯ್ತು" ಎಂದರೆ ಹೂಂಗುಟ್ಟುತ್ತಾನೆ. ಒಮ್ಮೆ ಸ್ವಿಚ್ಚು ಹಾಕಿ, ತಲೆ ವಾಲಿಸಿ ಕಿವಿ ಕೊಡುತ್ತಾನೆ. ಆಮೇಲೆ ನಾಲ್ಕು ಸ್ಕ್ರೂ ಬಿಚ್ಚಿ, ಒಳಗೆ ಸಿಕ್ಕಿಬಿದ್ದ ಹುಣಸೆಬೀಜವನ್ನು ತೆಗೆದು ಮಾತಿಲ್ಲದೆ ಅವರ ಅಂಗೈಯಲ್ಲಿಡುತ್ತಾನೆ. "ಬಿಚ್ಚಿ ನೋಡದೆ ನಾನು ಏನನ್ನೂ ಹೇಳುವವನಲ್ಲ" ಎಂಬುದು ಮೂವತ್ತು ವರ್ಷಗಳಿಂದ ಅವನು ಹೇಳಿಕೊಂಡು ಬಂದ ಮಾತು.

ಅಂಥವನ ಮೇಜಿನ ಮೇಲೆ ಕಳೆದ ಶನಿವಾರದಿಂದ ಒಂದು ಫಾರ್ಮು ಬಿದ್ದಿತ್ತು. ಗಾಳಿಗೆ ಹಾರದಂತೆ ಅದರ ಮೇಲೆ ಮಿಕ್ಸಿಯ ಒಂದು ಹಳೆಯ ಜಾರು ಕವುಚಿ ಇಟ್ಟಿದ್ದ.

ಫಾರ್ಮು ಮಗಳು ಶಿಫಾನಾಳದ್ದು. ಮೂಡುಬಿದಿರೆಯಲ್ಲಿ ಬಿಕಾಂ ಎರಡನೇ ವರ್ಷ ಓದುವ ಹುಡುಗಿ. ಅಲ್ಲಿನ ಜೈನಪೇಟೆಯ ಹಿಂದೆ, ಅಕ್ಕಿ ವ್ಯಾಪಾರಿ ಪುಷ್ಪರಾಜರ ಹಳೆಯ ಗೋದಾಮಿನ ಮಾಳಿಗೆಯಲ್ಲಿ ಅವರ ಮಗಳು ಅನಿಷಾ 'ದನಿಮನೆ' ಎಂಬ ರೆಕಾರ್ಡಿಂಗ್ ಕೇಂದ್ರ ತೆರೆದಿದ್ದರು. ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಕಡೆಯ ಹತ್ತು ಮಂದಿ ಯುವಕ ಯುವತಿಯರಿಗೆ ಆರು ತಿಂಗಳು ಶನಿವಾರ ಮಧ್ಯಾಹ್ನ ತರಬೇತಿ. ಧ್ವನಿ ಹಿಡಿಯುವುದು, ಕತ್ತರಿಸಿ ಜೋಡಿಸುವುದು, ರೇಡಿಯೋ ನಾಟಕ, ಸಂದರ್ಶನ, ಎಲ್ಲವೂ. ಕೊನೆಗೆ ಅವರೇ ಮಾಡಿದ ಕಾರ್ಯಕ್ರಮಗಳು ಪ್ರಸಾರವಾಗುತ್ತವೆ. ಆಯ್ಕೆ ಪರೀಕ್ಷೆಗೆ ಕುಳಿತ ತೊಂಬತ್ತು ಮಂದಿಯಲ್ಲಿ ಶಿಫಾನಾ ಒಬ್ಬಳೇ, ಕೇಳಿಸಿದ ಪಾಡ್ದನವೆಂಬ ತುಳು ಹಾಡಿನಲ್ಲಿ ಎಲ್ಲಿ ಕತ್ತರಿ ಬಿದ್ದಿದೆ ಎಂದು ಮೂರು ಜಾಗ ಸರಿಯಾಗಿ ಹೇಳಿದ್ದಳು. ಮೂಗು ಉಮ್ಮನದ್ದು, ಕಿವಿ ಮಾತ್ರ ಬಾಪನದ್ದೇ.

ಬರುವ ಶನಿವಾರ ತರಗತಿ ಶುರು. ಅಷ್ಟರೊಳಗೆ ಮನೆಯ ಹಿರಿಯರ ಸಹಿ ಬೀಳದಿದ್ದರೆ ಆ ಜಾಗ ಪಟ್ಟಿಯಲ್ಲಿದ್ದ ಹನ್ನೊಂದನೆಯವರಿಗೆ.

"ಸಹಿ ಮಾಡುವುದಕ್ಕೆ ಶಾಯಿ ಇಲ್ವಾ ಬಾಪ?" ಎಂದು ಶಿಫಾನಾ ಸೋಮವಾರ ಕೇಳಿದಳು.

"ಶಾಯಿ ಉಂಟು. ಫ್ರೀ ಅಂತ ಬರೆದಿದ್ದಾರಲ್ಲ, ಅದು ಓದಿದ ಮೇಲೆ ಕೈ ಬರುವುದಿಲ್ಲ."

ಸಂಶಯಕ್ಕೆ ಕಾರಣವಿಲ್ಲದೆ ಇರಲಿಲ್ಲ. ಭಾನುವಾರ ಆ ಕೇಂದ್ರದಿಂದ ನಿಝಾರ್ ಎಂಬ ಹುಡುಗನೊಬ್ಬ ಅಂಗಡಿಗೇ ಬಂದಿದ್ದ. ತರಬೇತಿ ಕೊಡುವವನು ಅವನೇ ಅಂತೆ, ಊರು ನೆರಿಯ. ಇಪ್ಪತ್ತೇಳಿರಬಹುದು. ಆಯ್ಕೆಯಾದವರ ಮನೆಗೆಲ್ಲ ಹೋಗಿ ಹೆತ್ತವರ ಹತ್ತಿರ ಮಾತಾಡುವುದು ತಮ್ಮ ಕ್ರಮ ಎಂದ.

"ಫೀಸು ಯಾಕಿಲ್ಲ?" ಎಂದು ಇದಿನಬ್ಬ ಕೇಳಿದ್ದ.

"ಒಂದು ಟ್ರಸ್ಟ್ ಉಂಟು, ಅವರು ನೋಡಿಕೊಳ್ತಾರೆ."

"ಟ್ರಸ್ಟಿಗೆ ಏನು ಲಾಭ?"

"ಲಾಭ ಅಂತ ಏನಿಲ್ಲ ಕಾಕ."

ಅದಕ್ಕಿಂತ ಕೆಟ್ಟ ಉತ್ತರ ಅವನು ಕೊಡುವಂತಿರಲಿಲ್ಲ. ಲಾಭ ಇಲ್ಲ ಎನ್ನುವವನ ಲಾಭ ಎಲ್ಲಿರುತ್ತದೆಂದು ಹುಡುಕುವುದೇ ಕಷ್ಟ. ಸಾಲದ್ದಕ್ಕೆ, ಮೇಜಿನ ಮೇಲೆ ಓಡುತ್ತಿದ್ದ ಮಿಕ್ಸಿಯ ಕಡೆ ಆ ಹುಡುಗ ಕಿವಿ ತಿರುಗಿಸಿ, "ಬೇರಿಂಗ್ ಹೋಗಿದೆಯಾ? ಎಷ್ಟು ಚಂದ ಅಳ್ತದೆ! ರೆಕಾರ್ಡ್ ಮಾಡ್ಲಾ?" ಎಂದು ಚೀಲದಿಂದ ಕೈಯಗಲದ ಯಂತ್ರವೊಂದನ್ನು ತೆಗೆದ. ಇದಿನಬ್ಬ ತಟ್ಟನೆ ಸ್ವಿಚ್ಚು ಆರಿಸಿದ.

ಯಾಕೆ ಆರಿಸಿದನೆಂದು ಹುಡುಗನಿಗೆ ಗೊತ್ತಾಗಲಿಲ್ಲ. ಗೊತ್ತಾಗಬೇಕಾದರೆ ಮೂವತ್ತು ವರ್ಷ ಹಿಂದೆ ಹೋಗಬೇಕು. ಆಗ ಶಿರ್ತಾಡಿಯಲ್ಲಿ ಎಂಟು ಮಂದಿಯ ದಫ್ ತಂಡವೊಂದಿತ್ತು. ಮದುವೆ, ಉರೂಸು ಎಂದು ಎಲ್ಲ ಕಡೆ ದಫ್ ಬಡಿಯುತ್ತಾ ಹಾಡುತ್ತಿದ್ದರು. ಮುಂದಿನಿಂದ ಎತ್ತಿ ಹಾಡುವವನು ಇದಿನಬ್ಬ. ಒಂದು ದಿನ ಇಸ್ತ್ರಿ ಮಾಡಿದ ಅಂಗಿಯವನೊಬ್ಬ ಟೇಪ್‌ರೆಕಾರ್ಡರ್ ಹಿಡಿದುಕೊಂಡು ಬಂದ. ನಿಮ್ಮ ಹಾಡನ್ನು ಊರೂರಿಗೆ ಮುಟ್ಟಿಸುತ್ತೇನೆ, ನನಗೇನೂ ಬೇಡ ಎಂದ. ಅವನಿಗೆ ಕೋಳಿಸಾರು, ನೀರುದೋಸೆ ಮಾಡಿ ಬಡಿಸಿದರು. ಮರುವರ್ಷ ಬಿ.ಸಿ. ರೋಡಿನಲ್ಲಿ ಬಸ್ಸಿಗೆ ಕಾಯುವಾಗ ಕ್ಯಾಸೆಟ್ ಅಂಗಡಿಯಿಂದ ಇದಿನಬ್ಬನಿಗೆ ತನ್ನದೇ ದನಿ ಕೇಳಿತು. ಓಡಿಹೋಗಿ ಕ್ಯಾಸೆಟ್ ತಿರುಗಿಸಿ ನೋಡಿದರೆ ಅದರ ಮೇಲೆ ಯಾವುದೋ ದೂರದ ಊರಿನ ತಂಡದ ಹೆಸರು. "ಇದು ನಾನು ಹಾಡಿದ್ದು ಮಾರಾಯ" ಎಂದದ್ದಕ್ಕೆ ಅಂಗಡಿಯವನು, "ಹೌದು ಹೌದು, ಆಚೆ ಬದಿಯ ಹಾಡು ನಂದು" ಎಂದು ನಕ್ಕಿದ್ದ. ಆಮೇಲೆ ಇದಿನಬ್ಬ ದಫ್ ಮುಟ್ಟಲಿಲ್ಲ.

ಮಂಗಳವಾರ ಬೆಳಿಗ್ಗೆ ಅಂಗಡಿಗೆ ಬಾಗಿಲು ಹಾಕಿ ಅವನು ಬಸ್ಸು ಹತ್ತಿದ. ಹುಡುಗನನ್ನು ಬಿಚ್ಚಿ ನೋಡುವ ಹಾಗಿಲ್ಲ, ಅವನ ಊರನ್ನಾದರೂ ನೋಡಬಹುದಲ್ಲ. ಬೆಳ್ತಂಗಡಿಯಲ್ಲಿ ಬಸ್ಸು ಬದಲಿಸಿ ನೆರಿಯದಲ್ಲಿ ಇಳಿಯುವಾಗ ಹನ್ನೊಂದು ಗಂಟೆ. ಎದುರಿಗೇ ಹಾಜಬ್ಬನ ಚಾದ ಹೋಟೆಲು.

ಚಾ ಕುಡಿಯುತ್ತಾ, ಬೇರೆಲ್ಲೋ ನೋಡುತ್ತಾ ಕೇಳಿದ. "ಇಲ್ಲಿ ನಿಝಾರ್ ಅಂತ ಒಬ್ಬ ಹುಡುಗ ಉಂಟಲ್ಲ. ಮೂಡುಬಿದಿರೆಯಲ್ಲಿ ರೆಕಾರ್ಡಿಂಗ್ ಮಾಡುವವ. ಜನ ಹೇಗೆ?"

ಹಾಜಬ್ಬ ಸೌಟು ಕೆಳಗಿಟ್ಟ. ಬಂದವನ ಬಿಳಿ ಅಂಗಿ, ಟೊಪ್ಪಿ, ಬಾಚಿದ ಗಡ್ಡ ಎಲ್ಲವನ್ನೂ ಒಮ್ಮೆ ನೋಡಿ, ಬೆಂಚು ಒರೆಸಿ ಎದುರಿಗೇ ಕುಳಿತ. "ನಿಝಾರನಾ? ಚಿನ್ನ! ಸಿಗರೇಟಿಲ್ಲ, ಗುಟ್ಕಾ ಇಲ್ಲ. ತಲೆ ಎತ್ತಿ ಮಾತಾಡುವ ಹುಡುಗನೇ ಅಲ್ಲ. ನಿಮಗೆ ಎಲ್ಲಿ ಆಯ್ತು?"

"ಶಿರ್ತಾಡಿ."

"ಒಳ್ಳೆ ಜಾಗ. ಮಗಳು ಏನು ಮಾಡ್ತಾಳೆ?"

"ಡಿಗ್ರಿ, ಎರಡನೇ ವರ್ಷ."

"ಮಾಷಾ ಅಲ್ಲಾಹ್. ಒಂದು ಗೋಳಿಬಜೆ ತಿನ್ನಿ."

ರಿಕ್ಷಾ ಸ್ಟ್ಯಾಂಡಿನ ವೆಂಕಪ್ಪನೂ ಹಾಗೆಯೇ. "ಅವನ ಹಾಗಿರುವವರು ನಮ್ಮ ಊರಲ್ಲಿ ಇನ್ನೊಬ್ಬರಿಲ್ಲ. ಕೆಲಸವಾ? ದೊಡ್ಡ ಕೆಲಸ! ಅವನಿಗೆ ಮೂಡುಬಿದಿರೆಯಲ್ಲಿ ಮಹಡಿಯ ಆಫೀಸೇ ಉಂಟಲ್ಲ." ಮಸೀದಿಯ ಅಂಗಳದಲ್ಲಿ ಕುಳಿತಿದ್ದ ಇಬ್ಬರು ಮುದುಕರು, ಪಡಿತರ ಅಂಗಡಿಯವನು, ಹಾಲಿನ ಡೈರಿಯವನು, ದಾರಿಯಲ್ಲಿ ಸಿಕ್ಕ ಒಬ್ಬ ಮಾಸ್ತರು. ಆರು ಕಡೆ ಕೇಳಿದ, ಆರು ಕಡೆಯೂ ಚಿನ್ನ. ಕೊನೆಗೆ ಮಾಸ್ತರರಂತೂ ಅವನ ಕೈ ಕುಲುಕಿ, "ಧೈರ್ಯವಾಗಿ ಮುಂದುವರಿಸುವ" ಎಂದರು.

ಹಿಂದಿರುಗುವ ಬಸ್ಸಿನಲ್ಲಿ ಅವನ ಹೊಟ್ಟೆಯೊಳಗೆ ಗೋಳಿಬಜೆಯ ಜೊತೆ ಸಂಶಯವೂ ಉಬ್ಬಿತು. ಮನುಷ್ಯನೆಂದ ಮೇಲೆ ಒಂದು ಕುಂದಾದರೂ ಬೇಡವೇ? ಒಂದು ಊರಿಗೆ ಊರೇ ಒಬ್ಬನ ಬಗ್ಗೆ ಬಾಯಿಪಾಠ ಒಪ್ಪಿಸುತ್ತದೆಂದರೆ ಯಾರೋ ಕಲಿಸಿರಬೇಕು. ಸ್ವಲ್ಪವೂ ಸದ್ದು ಮಾಡದ ಮೋಟಾರಿನ ಒಳಗೆ ತಂತಿಯೇ ಕಡಿದಿರುತ್ತದೆ.

"ಏನಾಯ್ತು?" ಎಂದು ಹೆಂಡತಿ ನಸೀಬಾ ಬಾಗಿಲಲ್ಲೇ ಕೇಳಿದಳು.

"ಹುಡುಗ ತುಂಬಾ ಒಳ್ಳೆಯವನಂತೆ."

"ಮತ್ತೆ ಮುಖ ಯಾಕೆ ಹೀಗೆ?"

"ಅದಕ್ಕೇ."

ಒಳಗೆ ಶಿಫಾನಾ ಪುಸ್ತಕ ಮುಚ್ಚಿದ ಸದ್ದು ಕೇಳಿತು. ಬುಧವಾರ ಅವಳು ಬೆಳಿಗ್ಗೆ ಅಂಗಡಿಯ ಮುಂದೆಯೇ ಕಾಲೇಜಿನ ಬಸ್ಸಿಗೆ ನಿಂತಿದ್ದರೂ ಒಳಗೆ ಇಣುಕಲಿಲ್ಲ. ಬಸ್ಸು ಹೋದ ಮೇಲೆ ಇದಿನಬ್ಬ ಜಾರು ಎತ್ತಿ, ಫಾರ್ಮಿನ ತಲೆಬರಹ ನೋಡಿ, ಮತ್ತೆ ಮುಚ್ಚಿಟ್ಟ.

ಗುರುವಾರ ಮಧ್ಯಾಹ್ನ ಇದಿನಬ್ಬ ಜಗಲಿಯಲ್ಲಿ ಊಟಕ್ಕೆ ಕುಳಿತ ಹೊತ್ತಿಗೆ ಮನೆಯ ಅಂಗಳದಲ್ಲಿ ರಿಕ್ಷಾ ನಿಂತಿತು. ಕಪ್ಪು ಬುರ್ಖಾದ ಹೆಂಗಸೊಬ್ಬಳು ಇಳಿದು, ಜಗಲಿಗೆ ಹತ್ತದೆ ಕೆಳಗಿನಿಂದಲೇ ಕೇಳಿದಳು. "ಮಿಕ್ಸಿ ರಿಪೇರಿಯ ಇದಿನಬ್ಬ ಅಂದ್ರೆ ನೀವೇನಾ?"

"ಹೌದು."

"ನಾನು ಮುರ್ಶಿದಾ. ನೆರಿಯದ ನಿಝಾರನ ಉಮ್ಮ. ಒಂದು ಮಾತು ಹೇಳಿ ಹೋಗುವ ಅಂತ ಬಂದೆ. ನನ್ನ ಮಗನಿಗೆ ನಿಮ್ಮ ಹುಡುಗಿಯನ್ನು ಕೊಡ್ಬೇಡಿ."

ಇದಿನಬ್ಬ ತುತ್ತನ್ನು ಬಟ್ಟಲಲ್ಲೇ ಬಿಟ್ಟು ಎದ್ದ. "ಯಾವ ಹುಡುಗಿ? ಯಾರಿಗೆ ಕೊಡುವುದು?"

"ಮಂಗಳವಾರ ಬಿಳಿ ಅಂಗಿ ಹಾಕಿಕೊಂಡು ಬಂದು ಆರು ಕಡೆ ನನ್ನ ಮಗನ ಗುಣ ವಿಚಾರಿಸಿದ್ದು ನೀವೇ ಅಲ್ವಾ? ಊರಿಡೀ ಸುದ್ದಿ. ಶಿರ್ತಾಡಿಯಲ್ಲಿ ಇಳಿದು, ಮಂಗಳವಾರ ನೆರಿಯಕ್ಕೆ ಹೋದವರು ಯಾರು ಅಂತ ಕೇಳಿದ್ದೇ ರಿಕ್ಷಾದವ ನಿಮ್ಮ ಹೆಸರು ಹೇಳಿದ. ಹಾಜಬ್ಬಾಕ ಮದುವೆಯ ಅಡುಗೆಗೆ ಯಾರನ್ನು ಕರೆಯುವುದು ಅಂತ ಕೂಡ ಹೇಳಿಯಾಯ್ತು!"

ನಸೀಬಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ಅಲ್ಲ, ನೀವು ಮಗಳ ಕ್ಲಾಸಿನ ವಿಷಯ ಕೇಳಲು ಹೋಗಿ ನಿಕಾಹ್ ಮಾಡಿ ಬಂದ್ರಾ?"

ಇದಿನಬ್ಬನಿಗೆ ಬೆಂಚು ಒರೆಸಿದ್ದೂ ಗೋಳಿಬಜೆಯೂ ಮಾಸ್ತರರ ಕೈಕುಲುಕೂ ಒಂದೊಂದಾಗಿ ನೆನಪಾದವು. ಈ ಸೀಮೆಯಲ್ಲಿ ಪ್ರಾಯದ ಹುಡುಗಿಯ ಅಪ್ಪ ಹೊಸ ಊರಿಗೆ ಹೋಗಿ ಮದುವೆಯಾಗದ ಹುಡುಗನ ಬಗ್ಗೆ ಕೇಳುವುದು ಒಂದೇ ಕಾರಣಕ್ಕೆ. ಹಾಗೆ ಕೇಳಿದವನಿಗೆ ಕುಂದು ಹೇಳಿ ಸಂಬಂಧ ಮುರಿಯುವ ಪಾಪವನ್ನು ಯಾರೂ ಕಟ್ಟಿಕೊಳ್ಳುವುದಿಲ್ಲ. ಸಾವಿರ ಸುಳ್ಳು ಹೇಳಿಯಾದರೂ ಒಂದು ಮದುವೆ ಮಾಡಿಸು ಎಂದು ಹಿರಿಯರೇ ಹೇಳಿಟ್ಟಿದ್ದಾರೆ. ಹಾಗಾದರೆ ಆ ಆರು ಚಿನ್ನದಲ್ಲಿ ಒಂದು ಗುಂಜಿಯೂ ಲೆಕ್ಕಕ್ಕಿಲ್ಲ.

"ಮೇಲೆ ಬನ್ನಿ, ಕೂತ್ಕೊಳ್ಳಿ" ಎಂದು ನಸೀಬಾ ಕರೆದಳು. ಮುರ್ಶಿದಾ ಹತ್ತಿ ಕುಳಿತಳು. ನೀರು ಕುಡಿದಳು. ಮದುವೆಯ ಮಾತಲ್ಲ ಎಂದು ತಿಳಿದ ಮೇಲೂ ಅವಳ ಬಾಯಿ ನಿಲ್ಲಲಿಲ್ಲ.

"ಏನೇ ಆಗಲಿ, ಬಂದದ್ದಕ್ಕೆ ಹೇಳಿಯೇ ಹೋಗ್ತೇನೆ. ಊರವರು ಮುಚ್ಚಿಡ್ತಾರೆ, ಹೆತ್ತವಳು ಮುಚ್ಚಿಟ್ಟರೆ ನಾಳೆ ಇನ್ನೊಬ್ಬರ ಮಗಳು ಅಳ್ತಾಳೆ. ದಮ್ಮಾಮಿನಿಂದ ನನ್ನ ತಮ್ಮ ಎರಡು ಸಲ ವೀಸಾ ಕಳಿಸಿದ, ಇವನು ಹೋಗಲಿಲ್ಲ. ಮಂಗಳೂರಿನಲ್ಲಿ ಜಾಹೀರಾತು ಮಾಡುವವರ ಹತ್ತಿರ ಒಳ್ಳೆ ಕೆಲಸ ಇತ್ತು, ಬಿಟ್ಟು ಬಂದ. ಯಾಕೆ ಗೊತ್ತುಂಟಾ? ನಮ್ಮಲ್ಲಿ ಗುಡ್ಡದ ಬದಿಯಲ್ಲಿ ಸೇಸಮ್ಮ ಅಂತ ಒಬ್ಬಳು ಅಜ್ಜಿ. ಗದ್ದೆಯಲ್ಲಿ ಭತ್ತದ ನೇಜಿ ನೆಡುವಾಗ ಅವಳು ಹೇಳುವ ಹಾಡನ್ನು ಇವನು ಆ ಯಂತ್ರದಲ್ಲಿ ಹಿಡಿದುಕೊಂಡು ಹೋಗಿದ್ದ. ಅವರು ಅದನ್ನು ಯಾವುದೋ ಎಣ್ಣೆಯ ಜಾಹೀರಾತಿಗೆ ಹಾಕಿದ್ರು. ಅಜ್ಜಿಯ ಹೆಸರು ಹಾಕಲಿಲ್ಲ. ಅಷ್ಟೇ! ಅದಕ್ಕೆ ಜಗಳ ಮಾಡಿ ಕೆಲಸ ಬಿಟ್ಟ."

ಇದಿನಬ್ಬ ತಲೆ ವಾಲಿಸಿದ. "ಅವನೇ ಬಿಟ್ಟದ್ದಾ? ಅವರೇ ತೆಗೆದು ಹಾಕಿದ್ದಲ್ವಾ?"

"ತೆಗೆದು ಹಾಕಿದ್ರೆ ನನಗೆ ಇಷ್ಟು ಸಿಟ್ಟು ಬರ್ತಿತ್ತಾ? ಬಾ ಅಂತ ಎರಡು ಸಲ ನನ್ನ ಫೋನಿಗೇ ಮಾಡಿದ್ದಾರೆ! ಇವನು ಅದು ಬಿಟ್ಟು ಸೇಸಮ್ಮನ ಮನೆಗೆ ಹೋಗಿ ತಪ್ಪಾಯ್ತು ಅಂತ ಕೈ ಮುಗಿದು ನಿಂತ. ಆ ಅಜ್ಜಿಗೆ ಏನೂ ಅರ್ಥ ಆಗಲಿಲ್ಲ. 'ಹಾಡು ಎಲ್ಲರದ್ದು ಮಗಾ, ಊಟ ಮಾಡಿದ್ಯಾ' ಅಂತ ಕೇಳಿದಳಂತೆ. ಈಗ ಮೂಡುಬಿದಿರೆಯ ಆ ಅಕ್ಕಿ ಗೋದಾಮಿನಲ್ಲಿ ಅರ್ಧ ಸಂಬಳಕ್ಕೆ ಪಾಠ ಮಾಡ್ತಾನೆ. ಇಂಥವನಿಗೆ ಯಾರಾದ್ರೂ ಹೆಣ್ಣು ಕೊಡ್ತಾರಾ, ನೀವೇ ಹೇಳಿ!"

ಇದಿನಬ್ಬ ಆ ಮಾತುಗಳಿಗಿಂತ ಅವುಗಳ ಅಡಿಯ ಸದ್ದನ್ನು ಕೇಳುತ್ತಿದ್ದ. ಸವೆದ ಬೇರಿಂಗಿನ ಹಾಗೆ ಕಿರುಗುಟ್ಟುವ, ಎಲ್ಲಿಯೂ ಎಣ್ಣೆ ಹಾಕದ ಸದ್ದು. ಮೂರು ದಿನಗಳಲ್ಲಿ ನೆರಿಯದವರ ಬಾಯಿಂದ ಅವನು ಕೇಳಿದ ಮೊದಲ ದೂರು ಅದು. ಮೊದಲ ನಿಜವೂ ಅದೇ ಇರಬಹುದು.

"ಹೆಣ್ಣು ಕೊಡುವುದು ಕಷ್ಟವೇ" ಎಂದ ಇದಿನಬ್ಬ. "ಊಟ ಮಾಡಿ ಹೋಗಿ."

ಬಾಳೆಎಲೆಯಲ್ಲಿ ಕಟ್ಟಿಕೊಟ್ಟ ತಿಂಡಿ ಹಿಡಿದುಕೊಂಡು ಮುರ್ಶಿದಾ ರಿಕ್ಷಾ ಹತ್ತುವಾಗ, "ಇನ್ನು ನೆರಿಯದವರಿಗೆ ಏನಂತ ಹೇಳಲಿ?" ಎಂದು ಕೇಳಿದಳು. ನಸೀಬಾ, "ಹುಡುಗಿಯ ಅಪ್ಪ ಸರಿಯಿಲ್ಲ ಅಂತ ಹೇಳಿ. ಅದು ಸುಳ್ಳೂ ಆಗುವುದಿಲ್ಲ" ಎಂದಳು.

ಅಂದು ಸಂಜೆ ಇದಿನಬ್ಬ ಜಾರು ಎತ್ತಿ ಫಾರ್ಮಿಗೆ ಸಹಿ ಹಾಕಿದ. ಸಹಿಯ ಕೆಳಗೆ, ಶಾಲೆಯ ಮಕ್ಕಳ ಹಾಗೆ ಒತ್ತಿ ಒತ್ತಿ, ಒಂದು ಸಾಲು ಬರೆದ: 'ನನ್ನ ಮಗಳು ಮಾಡಿದ ಕೆಲಸಕ್ಕೆ ನನ್ನ ಮಗಳ ಹೆಸರು ಹಾಕಬೇಕು.'

ಶಿಫಾನಾ ಅದನ್ನು ಓದಿದಳು. ಓದಿ ಹಾಳೆಯನ್ನು ಮಗುಚಿ ಬಾಪನ ಮುಂದಿಟ್ಟಳು. ಹಿಂಬದಿಯಲ್ಲಿ ಹನ್ನೆರಡು ಷರತ್ತುಗಳಿದ್ದವು. ಆರನೆಯದರ ಮೇಲೆ ಅವಳು ಬೆರಳಿಟ್ಟಳು. ಹಾಡಿದವರ, ಮಾತಾಡಿದವರ, ಧ್ವನಿ ಹಿಡಿದವರ ಹೆಸರು ಹೇಳದೆ ಯಾವುದನ್ನೂ ಪ್ರಸಾರ ಮಾಡತಕ್ಕದ್ದಲ್ಲ ಎಂದಿತ್ತು.

"ನೆರಿಯಕ್ಕೆ ಹೋಗಿ ಬಂದ್ರಿ ಬಾಪ" ಎಂದಳು, "ಇದನ್ನೊಮ್ಮೆ ತಿರುಗಿಸಲಿಲ್ಲ."

ಆದರೂ ಅವನು ತಾನು ಬರೆದ ಸಾಲನ್ನು ಹೊಡೆದು ಹಾಕಲಿಲ್ಲ. ಅಚ್ಚಾದ ಮಾತು ಬೇರೆ, ಕೈಯಲ್ಲಿ ಬರೆದದ್ದು ಬೇರೆ.

ಶನಿವಾರ ಮಗಳ ಜೊತೆ ಅವನೂ ಬಸ್ಸು ಹತ್ತಿದ. ಬೇಡವೆಂದು ಅವಳು ಹೇಳಿದ್ದಳು. ಮೂಡುಬಿದಿರೆಯಲ್ಲಿ ಮೋಟಾರಿಗೆ ಸುತ್ತುವ ಕಾಯಿಲ್ ತಂತಿ ತರಲಿಕ್ಕುಂಟು ಎಂದ. ಗೋದಾಮಿನ ಮರದ ಮೆಟ್ಟಿಲು ಹತ್ತುವಾಗ ಹಳೆಯ ಅಕ್ಕಿಯ ವಾಸನೆ. ಮೇಲೆ ನಿಝಾರ್ ಫಾರ್ಮು ತೆಗೆದುಕೊಂಡ. ಕೆಳಗಿನ ಸಾಲನ್ನು ಎರಡು ಸಲ ಓದಿದ. ಉಮ್ಮ ಬಂದು ಹೋದದ್ದು ಅವನಿಗೆ ಗೊತ್ತಿತ್ತೆಂದು ಕಿವಿ ಕೆಂಪಾದದ್ದರಿಂದಲೇ ತಿಳಿಯುತ್ತಿತ್ತು.

"ನೀವು ಒಳಗೆ ಬಂದು ನೋಡಬಹುದು ಕಾಕ. ರೆಕಾರ್ಡಿಂಗ್ ಶುರುವಾದ ಮೇಲೆ ಮಾತ್ರ ಹೊರಗೆ ಇರ್ಬೇಕು."

ಇದಿನಬ್ಬ ಒಳಗೆ ಹೋಗಿ ಗೋಡೆಗೆ ಅಂಟಿಸಿದ ಸ್ಪಂಜು ಒತ್ತಿ ನೋಡಿದ, ವಯರುಗಳು ಎಲ್ಲಿಂದ ಎಲ್ಲಿಗೆ ಹೋಗುತ್ತವೆಂದು ನೋಡಿದ, ಹತ್ತು ಮಕ್ಕಳ ಮುಖ ನೋಡಿದ. ಶಿಫಾನಾ ಆಗಲೇ ಹೆಡ್‌ಫೋನ್ ಹಾಕಿಕೊಂಡು ಕಣ್ಣು ಮುಚ್ಚಿದ್ದಳು. ತಲೆ ಸ್ವಲ್ಪ ವಾಲಿತ್ತು.

ಹೊರಗೆ ಬಂದ. ಹಿಂದಿನಿಂದ ಅಂಗೈ ದಪ್ಪದ ಬಾಗಿಲು ಮುಚ್ಚಿತು, ಮೇಲೆ ಕೆಂಪು ದೀಪ ಹತ್ತಿತು. ಮೆಟ್ಟಿಲ ಮೇಲೆ ಕುಳಿತು ಅವನು ಕಿವಿ ಕೊಟ್ಟ. ಏನೂ ಕೇಳಲಿಲ್ಲ. ಅತ್ತಿತ್ತ ಯಾರೂ ಇಲ್ಲದ್ದನ್ನು ನೋಡಿಕೊಂಡು, ಎದ್ದು ಬಾಗಿಲಿಗೇ ಕಿವಿ ಒತ್ತಿದ. ಆಗಲೂ ಏನೂ ಇಲ್ಲ. ಒಂದಿಷ್ಟೂ ಸದ್ದು ಹೊರಗೆ ಬಿಡದ ಬಾಗಿಲನ್ನು ಅವನು ಇಷ್ಟು ವರ್ಷಗಳಲ್ಲಿ ಕಂಡಿರಲಿಲ್ಲ.

ಶಿರ್ತಾಡಿಗೆ ಬಸ್ಸು ಐದೂ ಮುಕ್ಕಾಲಿಗೆ. ಇನ್ನೂ ಮೂರು ಗಂಟೆ ಇತ್ತು. ತಂತಿ ತರಲು ಪೇಟೆಗೆ ಹೋಗಿ ಬರಬಹುದಿತ್ತು. ಅವನು ಮೆಟ್ಟಿಲನ್ನು ಕರ್ಚೀಫಿನಿಂದ ಒರೆಸಿ, ಬಾಗಿಲು ಕಾಣುವ ಹಾಗೆ ತಿರುಗಿ ಕುಳಿತ.