ಕಂಪ್ರೆಸರ್ ಸದ್ದಿನ ಮರೆಯಲ್ಲಿ

ನಮ್ಮ ಅಡುಗೆಮನೆಯ ಕಿಟಕಿ ತೆರೆದರೆ ಎದುರಿಗೇ ಇವರ ಶೆಡ್ಡು. ಬೇರೆ ಹೆಂಗಸರಿಗೆ ಕಿಟಕಿಯಿಂದ ಹೂವಿನ ಗಿಡ ಕಾಣುತ್ತದಂತೆ. ಮದುವೆಯಾಗಿ ಬಂದಾಗಿನಿಂದ ನನಗೆ ಕಂಡದ್ದು ಟಯರು, ಗ್ರೀಸು, ಮತ್ತು ಏಣಿಯ ಮೇಲೆ ನಿಂತ ಗಂಡನ ಕಾಲು. ಗೊಣಗುತ್ತಿದ್ದೇನೆ ಎಂದುಕೊಂಡರೆ ಅಂದುಕೊಳ್ಳಿ, ನನ್ನ ಕಿಟಕಿ, ನನ್ನ ಬಾಯಿ.

ಇವರ ಕೆಲಸ ಕ್ಯಾರಿಯರ್ ಕೂರಿಸುವುದು. ಗುಡ್ಡ ಹತ್ತುವ ಗಾಡಿಗಳು ಕಂಪನಿಯಿಂದ ಬರುವಾಗ ಬೋಳುತಲೆಯಲ್ಲೇ ಬರುತ್ತವೆ. ಸ್ಟೆಪ್ನಿ, ನೀರಿನ ಕ್ಯಾನು, ಪೆಟ್ಟಿಗೆ ಹೊರಬೇಕೆಂದರೆ ಚಾವಣಿಯ ಮೇಲೆ ಒಂದು ಕಬ್ಬಿಣದ ಚೌಕಟ್ಟು ಬೇಕು. ಅದರ ಹಿಡಿಕೆಗಳು ಚಾವಣಿಯ ಅಂಚಿನ ತಗಡನ್ನು ಕಚ್ಚಿ ಹಿಡಿಯಬೇಕು. ಬೋಲ್ಟು ಹೆಚ್ಚು ಬಿಗಿಯಾದರೆ ತಗಡು ಮಡಿಯುತ್ತದೆ. ಕಡಿಮೆಯಾದರೆ ಕಲ್ಲುದಾರಿಯ ಕುಲುಕಾಟಕ್ಕೆ ಕ್ಯಾರಿಯರ್ ಕಿತ್ತುಕೊಂಡು ಹೋಗಿ ಹಿಂದೆ ಬರುವವರ ಮೇಲೆ ಬೀಳುತ್ತದೆ. ಈ ಎರಡರ ನಡುವಿನ ಹದ ಇವರ ಅಂಗೈಯಲ್ಲಿತ್ತು. ಅದಕ್ಕೇ ಜನ ಎಲ್ಲೆಲ್ಲಿಂದಲೋ ಹುಡುಕಿಕೊಂಡು ಬರುತ್ತಿದ್ದರು.

ಬಿಗಿ ಮಾಡಿದ ಮೇಲೆ ಬೋಲ್ಟಿನ ತಲೆಯಿಂದ ಹಿಡಿಕೆಯವರೆಗೆ ಹಳದಿ ಬಣ್ಣದಲ್ಲಿ ಒಂದು ಗೆರೆ ಎಳೆಯುತ್ತಿದ್ದರು. ಮುಂದೆ ಯಾವತ್ತಾದರೂ ಬೋಲ್ಟು ಸಡಿಲವಾದರೆ ಗೆರೆ ಮುರಿದು ಎರಡಾಗುತ್ತದೆ, ಗಾಡಿಯವರಿಗೆ ನೋಡಿದ ಕೂಡಲೇ ತಿಳಿಯುತ್ತದೆ. ಗೆರೆಯ ತುದಿಗೆ ಒಂದು ಸಣ್ಣ ಬಾಲ ಬೇರೆ, ಸಹಿ ಹಾಕಿದ ಹಾಗೆ. ಬಿಗಿ ಮಾಡಿದವರೇ ಗೆರೆ ಎಳೆಯಬೇಕು ಎನ್ನುವುದು ಇವರ ಕಟ್ಟಾಜ್ಞೆ. ಬೇರೆ ಯಾರೂ ಆ ಬಣ್ಣದ ಡಬ್ಬಿ ಮುಟ್ಟುವಂತಿರಲಿಲ್ಲ.

ಮಗನಿಗೆ ಈ ಕೆಲಸ ಒಲಿಯಲಿಲ್ಲ. ಅವನು ಸ್ಕ್ರೂಡ್ರೈವರ್ ಹಿಡಿದರೆ ಗಾಯವಾಗುತ್ತಿದ್ದದ್ದು ಅವನಿಗೇ. ಕಚೇರಿ ಸೇರಿ ಬದುಕಿಕೊಂಡ. ಒಲಿದದ್ದು ಸೊಸೆಗೆ. ಅವಳು ಮೊದಮೊದಲು ಚಹಾ ಕೊಡಲು ಹೋಗಿ ನಿಲ್ಲುತ್ತಿದ್ದಳು, ಆಮೇಲೆ ಸ್ಪ್ಯಾನರ್ ಎತ್ತಿ ಕೊಡಲು ನಿಂತಳು, ಕಡೆಗೆ ಅಲ್ಲೇ ನಿಂತುಬಿಟ್ಟಳು. ಅವಳೇ ಒಂದು ಟಾರ್ಕ್ ರೆಂಚ್ ತರಿಸಿದಳು. ಎಷ್ಟು ಬಿಗಿ ಬೇಕೆಂದು ಮೊದಲೇ ಹೊಂದಿಸಿಟ್ಟರೆ, ಅಷ್ಟಾದ ಕೂಡಲೇ ಆ ಉದ್ದ ಹಿಡಿಯ ಸ್ಪ್ಯಾನರು ‘ಟಕ್’ ಎನ್ನುತ್ತದೆ. ಇವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಕೈ ಇಲ್ಲದವರಿಗೆ ಒಳ್ಳೆಯದು ಎಂದು ಗೋಡೆಗೆ ನೇತುಹಾಕಿದರು.

ಕೆಲವು ತಿಂಗಳ ಹಿಂದೆ ನಾನೊಂದು ವಿಷಯ ಗಮನಿಸಿದೆ. ಇವರು ಕೆಲಸ ಮುಗಿಸಿ, ಗೆರೆ ಎಳೆದು, ಕೈಕಾಲು ತೊಳೆಯಲು ಬಂದ ಕೂಡಲೇ ಸೊಸೆ ಗಾಳಿ ತುಂಬುವ ಕಂಪ್ರೆಸರ್ ಚಾಲು ಮಾಡುತ್ತಿದ್ದಳು. ಅದರ ಬಡಬಡ ಸದ್ದಿಗೆ ಮನೆಯಲ್ಲಿ ಮಾತೇ ಕೇಳಿಸುತ್ತಿರಲಿಲ್ಲ. ಟಯರಿಗೆ ಗಾಳಿ ತುಂಬಲು ಇಷ್ಟು ಹೊತ್ತೇ, ಕರೆಂಟೇನು ಪುಕ್ಕಟೆ ಬರುತ್ತದೆಯೇ ಎಂದು ಇವರು ಬಚ್ಚಲಿನಿಂದಲೇ ಬೈಯುತ್ತಿದ್ದರು. ಆದರೆ ಕಿಟಕಿಯಲ್ಲಿ ನನಗೆ ಕಾಣುತ್ತಿದ್ದದ್ದು ಬೇರೆ. ಅವಳು ಏಣಿ ಹತ್ತಿ, ಗೋಡೆಯ ಮೇಲಿದ್ದ ಆ ರೆಂಚಿನಿಂದ ಒಂದೊಂದೇ ಬೋಲ್ಟು ತಿರುಗಿಸುತ್ತಿದ್ದಳು. ಮುರಿದ ಗೆರೆಯನ್ನು ಬಣ್ಣ ಕರಗಿಸುವ ಥಿನ್ನರ್ ಬಟ್ಟೆಯಿಂದ ಒರೆಸಿ, ಅದೇ ಜಾಗದಲ್ಲಿ ಹೊಸ ಗೆರೆ ಎಳೆದು, ತುದಿಗೆ ಮಾವನ ಬಾಲವನ್ನೂ ಬರೆಯುತ್ತಿದ್ದಳು.

ನನಗೆ ಮೈಯೆಲ್ಲ ಉರಿದುಹೋಯಿತು. ನಿನ್ನೆ ಮೊನ್ನೆ ಬಂದವಳು ಇವರ ಕೆಲಸ ತಿದ್ದುತ್ತಾಳೆಯೇ? ಒಲೆಯ ಮುಂದೆ ನಿಲ್ಲಿಸಿಕೊಂಡು ಬಾಯಿಗೆ ಬಂದದ್ದೆಲ್ಲ ಅಂದೆ. ನಾನು ಸುಸ್ತಾದ ಮೇಲೆ ಅವಳು ಹೇಳಿದಳು.

“ಮಾವನ ಬೆರಳಿಗೆ ಏನೂ ಗೊತ್ತಾಗ್ತಿಲ್ಲ ಅತ್ತೆ. ಬಿಗಿಯಾಯ್ತು ಅಂದ್ಕೊಂಡು ಬಿಟ್ಬಿಡ್ತಾರೆ. ಆಗಿರೋದಿಲ್ಲ.”

ಅಂಗಿಯ ಗುಂಡಿ ಹಾಕಿಕೊಳ್ಳಲು ಇವರು ಕನ್ನಡಿಯ ಮುಂದೆ ಅಷ್ಟು ಹೊತ್ತು ನಿಲ್ಲುವುದನ್ನು ಕಂಡು, ಈ ವಯಸ್ಸಿನಲ್ಲಿ ಶೋಕಿ ಬೇರೆ ಎಂದು ನಾನೇ ರೇಗಿಸಿದ್ದೆ. ಕುದಿಯುವ ಚಹಾದ ಲೋಟವನ್ನು ಸುಮ್ಮನೆ ಹಿಡಿದು ಕೂತಿರುತ್ತಿದ್ದರು. ಇವರ ಹಳೆಯ ಸಕ್ಕರೆ ಕಾಯಿಲೆಯ ಜೋಮು ಕಾಲಿನಿಂದ ಕೈಗೆ ಹತ್ತಿತ್ತು, ನಾನು ನೋಡಿಯೂ ನೋಡಿರಲಿಲ್ಲ.

ಅವತ್ತಿನಿಂದ ನಾವಿಬ್ಬರೂ ಒಂದಾದೆವು. ಅವಳು ರೆಂಚು ಹಿಡಿದರೆ ನಾನು ಬಚ್ಚಲ ಬಾಗಿಲ ಕಾವಲು. ಇವರು ಬೇಗ ಹೊರಬಂದರೆ ಬೆನ್ನು ಒರೆಸುವ ನೆಪ, ಚಹಾ ಆರುತ್ತದೆ ಎನ್ನುವ ನೆಪ. ಹೇಳಿಬಿಡಬಹುದಿತ್ತಲ್ಲ ಎಂದು ನೀವು ಕೇಳಬಹುದು. ಈ ಮನುಷ್ಯನಿಗೆ ಓದು ಬರಹ ಅಷ್ಟಕ್ಕಷ್ಟೇ, ಮಾತು ಬರುವುದಿಲ್ಲ, ನೆಂಟರಿಷ್ಟರ ನಡುವೆ ಕೂತರೆ ಗೋಡೆಗೆ ಅಂಟಿಕೊಂಡುಬಿಡುತ್ತಾರೆ. ಇರುವುದೊಂದು ಕೈ. ಅದೂ ಹೋಯಿತು ಎಂದು ಯಾವ ಬಾಯಿಯಿಂದ ಹೇಳಲಿ? ನನಗೆ ಆ ಧೈರ್ಯ ಇರಲಿಲ್ಲ.

ಹಾಗೇ ನಡೆದುಹೋಗುತ್ತಿತ್ತು, ಮಗಳು ಗಾಡಿ ತರುವವರೆಗೆ.

ಮಗಳು ದನದ ಡಾಕ್ಟರು. ಗುಡ್ಡದ ಮೇಲಿನ ಹಟ್ಟಿಗಳಿಗೆ ಲಸಿಕೆ ಹಾಕಲು ಹೋಗಬೇಕು, ದಾರಿಯೆಂದರೆ ಬರೀ ಬಂಡೆ. ಯಾರದೋ ಹಳೆಯ ಜೀಪು ಕೊಂಡಿದ್ದಳು. ಬೆಳಿಗ್ಗೆ ಅದನ್ನೂ, ಹೊಸ ಕ್ಯಾರಿಯರನ್ನೂ ತಂದು ಶೆಡ್ಡಿನ ಮುಂದೆ ನಿಲ್ಲಿಸಿ, ಕಚೇರಿಗೆ ಹೋಗಿ ಲಸಿಕೆ ಪೆಟ್ಟಿಗೆ ತರುತ್ತೇನೆ, ಸಂಜೆ ಬಂದು ಹಾಗೇ ಹೊರಟುಬಿಡುತ್ತೇನೆ ಎಂದಳು. ಬೇರೆ ಯಾರ ಕೈಯಲ್ಲೂ ಹಾಕಿಸುವುದಿಲ್ಲ ಎಂದು ಅಪ್ಪನ ಭುಜ ತಟ್ಟಿದಳು. ಇವರ ಮುಖ ಅರಳಿದ್ದು ಕಿಟಕಿಯಿಂದಲೇ ಕಂಡಿತು.

ನಾನು ನೋಡಿದ್ದು ಗೋಡೆಯ ಮೇಲಿನ ರೆಂಚನ್ನು. ಸೊಸೆ ಊರಲ್ಲಿರಲಿಲ್ಲ. ಅವಳ ತಾಯಿಗೆ ಕಣ್ಣಿನ ಆಪರೇಷನ್ ಆಗಿತ್ತು, ಬರುವುದು ಇನ್ನೂ ತಡ. ಅವಳಿಲ್ಲದಾಗ ಬಂದ ಗಿರಾಕಿಗಳಿಗೆಲ್ಲ ಇವರಿಗೆ ಜ್ವರ ಎಂದು ಸುಳ್ಳು ಹೇಳಿ ನಾನೇ ಸಾಗಹಾಕಿದ್ದೆ. ಮಗಳಿಗೆ ಯಾವ ಜ್ವರ ಹೇಳಲಿ? ನಿಜ ಹೇಳೋಣವೆಂದರೆ ಅವಳ ಬಾಯಲ್ಲಿ ಮಾತು ನಿಲ್ಲುವುದಿಲ್ಲ, ಅಲ್ಲೇ ಅಪ್ಪನ ಮುಂದೆ ಗಟ್ಟಿಯಾಗಿ ಕೇಳಿಬಿಡುತ್ತಾಳೆ. ಹೇಳದಿದ್ದರೆ ಆ ಬಂಡೆದಾರಿಯಲ್ಲಿ ತಲೆಯ ಮೇಲೆ ಸಡಿಲ ಕಬ್ಬಿಣ ಹೊತ್ತುಕೊಂಡು ಹೋಗುವವಳು ನನ್ನ ಮಗಳು.

ಬೆಳಗೆಲ್ಲ ಇವರು ಕೆಲಸ ಮಾಡಿದರು. ಎಷ್ಟು ಮುತುವರ್ಜಿಯಿಂದ ಮಾಡಿದರೆಂದರೆ ನೋಡಲಾಗದೆ ನಾನು ಒಂದು ಸಲ ಕಿಟಕಿ ಮುಚ್ಚಿದೆ. ಚಾವಣಿಯ ಅಂಚನ್ನು ಬಟ್ಟೆಯಿಂದ ಒರೆಸಿದರು, ತಗಡಿಗೆ ಗೀರು ಬೀಳದಂತೆ ರಬ್ಬರ್ ಪಟ್ಟಿ ಹಾಸಿದರು, ಕ್ಯಾರಿಯರ್ ಎತ್ತಿಡಲು ಪಕ್ಕದ ಟಯರು ಅಂಗಡಿಯವನನ್ನು ಕರೆದರು. ಕೈಜಾರಿ ಬಿದ್ದ ವಾಷರುಗಳನ್ನು ಮತ್ತೆ ಮತ್ತೆ ಬಗ್ಗಿ ಹುಡುಕಿದರು. ಕಡೆಗೆ ಬೋಲ್ಟು ಬಿಗಿದು, ಒಂದೊಂದಕ್ಕೂ ಹಳದಿ ಗೆರೆ ಎಳೆದು, ದೂರ ನಿಂತು ನೋಡಿದರು. ಮಗಳ ಮದುವೆಯ ದಿನವೂ ಅಷ್ಟು ಸಮಾಧಾನದಿಂದ ನಿಂತದ್ದನ್ನು ನಾನು ಕಂಡಿಲ್ಲ.

ಊಟವಾಗಿ ಅಡ್ಡಾದರು. ಗೊರಕೆ ಏರುವವರೆಗೆ ಕಾದು ಶೆಡ್ಡಿಗೆ ಹೋದೆ. ಗೋಡೆಯಿಂದ ರೆಂಚು ಇಳಿಸಿದೆ, ಸೊಸೆ ಅದನ್ನು ಹೊಂದಿಸಿಯೇ ಇಟ್ಟಿದ್ದಳು. ಏಣಿ ಹತ್ತಿದೆ. ಮಂಡಿ ನನ್ನ ಮಾತು ಕೇಳುವುದನ್ನು ಬಿಟ್ಟು ಎಷ್ಟೋ ಕಾಲವಾಗಿದೆ, ಆದರೂ ಹತ್ತಿದೆ. ಮೊದಲನೆಯ ಬೋಲ್ಟಿಗೆ ಹಾಕಿ ಎಳೆದೆ. ಹಿಡಿ ಸಲೀಸಾಗಿ ತಿರುಗಿತು. ಹಳದಿ ಗೆರೆ ಮುರಿಯಿತು, ಬೋಲ್ಟಿನ ಮೇಲಿನ ಅರ್ಧ ಹಿಡಿಕೆಯ ಮೇಲಿನ ಅರ್ಧವನ್ನು ಬಿಟ್ಟು ದೂರ ದೂರ ಸರಿಯಿತು. ಇನ್ನೂ ತಿರುಗಿತು. ಆಮೇಲೆ ಟಕ್.

ಇಷ್ಟೊಂದು ಸಡಿಲವಾಗಿರುತ್ತದೆ ಎಂದು ನಾನು ಅಂದುಕೊಂಡಿರಲಿಲ್ಲ. ಎರಡನೆಯದು, ಟಕ್. ಮೂರನೆಯದನ್ನು ತಿರುಗಿಸುವಾಗ ಏನೋ ಕಡಿಮೆಯಾಗಿದೆ ಅನ್ನಿಸಿತು. ಮನೆಯಲ್ಲಿ ಗೊರಕೆ ನಿಂತಿತ್ತು. ಕಂಪ್ರೆಸರ್ ಹಾಕುವುದನ್ನೇ ಮರೆತಿದ್ದೆ.

ಇವರು ಬನಿಯನ್ನಿನಲ್ಲೇ ಬಂದು ಬಾಗಿಲಲ್ಲಿ ನಿಂತಿದ್ದರು. ಧೂಳು ಒರೆಸುತ್ತಿದ್ದೆ ಎಂದೆ. ಕೈಯಲ್ಲಿ ಗಜ ಉದ್ದದ ರೆಂಚು ಹಿಡಿದುಕೊಂಡು ಧೂಳು ಒರೆಸುವವಳು ಲೋಕದಲ್ಲಿ ನಾನೊಬ್ಬಳೇ ಇರಬೇಕು. ಇವರು ಹತ್ತಿರ ಬಂದು, ಕತ್ತೆತ್ತಿ, ಮುರಿದ ಗೆರೆಗಳನ್ನು ಒಂದೊಂದಾಗಿ ನೋಡಿದರು. ಆಮೇಲೆ ಎರಡೂ ಕೈಯಿಂದ ಏಣಿಯನ್ನು ಭದ್ರವಾಗಿ ಹಿಡಿದುಕೊಂಡರು.

“ಇನ್ನೊಂದು ಮಾಡು,” ಎಂದರು.

ಮಾಡಿದೆ. ಸದ್ದು ಬರಲು ಎಷ್ಟು ಹೊತ್ತು ಹಿಡಿಯಿತೆಂದು ಇಬ್ಬರಿಗೂ ಕೇಳಿಸಿತು. ಮತ್ತೊಂದು ಎಂದರು. ಏಣಿಯನ್ನು ಆಚೆ ಬದಿಗೆ ಇಟ್ಟು ಅಲ್ಲಿಯೂ ಹಿಡಿದು ನಿಂತರು. ಕೊನೆಯ ಬೋಲ್ಟೂ ಮುಗಿಯಿತು. ಕೆಳಗಿಳಿದು ನೋಡಿದರೆ ಇವರ ಮುಖ ಕಪ್ಪಿಟ್ಟಿತ್ತು.

“ಸೊಸೆ ಕಂಪ್ರೆಸರ್ ಹಾಕ್ತಿದ್ದದ್ದು ಇದಕ್ಕೇನಾ?”

ಹೂಂ ಎಂದೆ.

“ಆ ಹುಡುಗೀನ ಎಷ್ಟು ಬೈದಿದೀನಿ ನಾನು.” ತಮ್ಮ ಅಂಗೈ ನೋಡಿಕೊಂಡರು. ಆಮೇಲೆ ಸಿಟ್ಟು ಬಂತು, ನಾನು ಕಾಯುತ್ತಿದ್ದ ಸಿಟ್ಟು. “ನನಗೆ ಹೇಳಿದ್ರೆ ನಾನೇನು ಸತ್ತುಹೋಗ್ತಿದ್ನಾ?”

“ಹೋಗ್ತಿದ್ರಿ. ಅದಕ್ಕೇ ಹೇಳ್ಲಿಲ್ಲ.”

“ಹೋಗಿದ್ರೆ ನಾನೊಬ್ಬ ಹೋಗ್ತಿದ್ದೆ ಕಣೇ.” ದನಿ ಏರಿಸಲಿಲ್ಲ. “ಅವಳು ನೋಡೋಕೆ ಶುರು ಮಾಡೋಕ್ಕಿಂತ ಮುಂಚೆ ಹೋದ ಗಾಡಿಗಳು? ಅವನ್ನ ಯಾರು ತಿರುಗಿಸಿದ್ರು?”

ನಾನು ಏಣಿಯ ಮೆಟ್ಟಿಲ ಮೇಲೆ ಕೂತುಬಿಟ್ಟೆ. ಇಷ್ಟು ದಿನ ನಾವಿಬ್ಬರು ಹೆಂಗಸರು ಇವರ ಮನಸ್ಸು ಮುರಿಯದಂತೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದದ್ದೇ ಕಾದದ್ದು. ಆ ಗಾಡಿಗಳು ಒಮ್ಮೆಯೂ ನನ್ನ ತಲೆಗೆ ಬಂದಿರಲಿಲ್ಲ. ಕೈ ಯಾವತ್ತು ಸೋತಿತೋ ಯಾರಿಗೆ ಗೊತ್ತು. ಆಮೇಲೆ ಎಷ್ಟು ಜನ ಹೆಂಡತಿ ಮಕ್ಕಳನ್ನು ಕೂರಿಸಿಕೊಂಡು, ಬಾಲವಿರುವ ಹಳದಿ ಗೆರೆಯನ್ನು ನಂಬಿಕೊಂಡು ಗುಡ್ಡ ಹತ್ತಿದ್ದಾರೋ.

ಇವರು ಥಿನ್ನರ್ ಬಟ್ಟೆ ತಂದು ತಮ್ಮ ಗೆರೆಗಳನ್ನೆಲ್ಲ ಒರೆಸಿ ಹಾಕಿದರು. ಬಣ್ಣದ ಡಬ್ಬಿಯ ಮುಚ್ಚಳ ತೆಗೆದು ನನ್ನ ಮುಂದೆ ಹಿಡಿದರು. ನನಗೆ ಬರುವುದಿಲ್ಲ ಎಂದೆ.

“ಬಿಗಿ ಮಾಡಿದವಳು ನೀನು,” ಎಂದರು.

ಎಳೆದೆ. ಗೆರೆಗಳೆಲ್ಲ ಸೊಟ್ಟಪಟ್ಟ. ಬಾಲ ಎಳೆಯಲಿಲ್ಲ.

ಸಂಜೆ ಮಗಳು ಲಸಿಕೆ ಪೆಟ್ಟಿಗೆಗಳೊಂದಿಗೆ ಬಂದಳು. ಏಣಿಯ ಮೇಲೆ ನಿಂತು ಸ್ಟೆಪ್ನಿ ಕಟ್ಟುವಾಗ ಅವಳ ಕಣ್ಣಿಗೆ ಗೆರೆ ಬಿತ್ತು. ಇದು ಯಾರ ಕೈ, ಕೋಳಿ ಕೆರೆದ ಹಾಗಿದೆ ಎಂದು ನಗಾಡಿದಳು. ನಾನು ಸಿಕ್ಕಿಬಿದ್ದವಳ ಹಾಗೆ ನಿಂತಿದ್ದೆ. ಮಾತು ಬಾರದ ಮನುಷ್ಯ ಅವತ್ತು ತಾನೇ ಹೇಳಿದರು.

“ನಿಮ್ಮಮ್ಮಂದು. ನನ್ನ ಕೈಗೆ ಈಗ ಬಿಗಿ ತಿಳಿಯೋದಿಲ್ಲ ಪುಟ್ಟಿ. ದಾರೀಲಿ ಅಲ್ಲಲ್ಲಿ ನಿಲ್ಲಿಸಿ ಗೆರೆ ನೋಡ್ಕೊಂಡು ಹೋಗು. ಮುರಿದಿದ್ರೆ ಮುಂದೆ ಹೋಗ್ಬೇಡ.”

ಅವಳ ನಗು ನಿಂತಿತು. ಕೆಳಗಿಳಿದು ಬಂದು ಅಪ್ಪನ ಬೆರಳಿನ ತುದಿಗಳನ್ನು ಒಂದೊಂದಾಗಿ ಒತ್ತಿ, ಗೊತ್ತಾಗುತ್ತದೆಯೇ ಎಂದು ಕೇಳುತ್ತಾ ಹೋದಳು. ಇವರು ತಲೆ ಅಲ್ಲಾಡಿಸುತ್ತಾ ಹೋದರು. ಕಡೆಗೆ ಮಗಳು ರೆಂಚನ್ನು ಸೀಟಿನ ಪಕ್ಕ ಇಟ್ಟುಕೊಂಡು ಹೊರಟಳು. ಗಾಡಿ ತಿರುವಿನಲ್ಲಿ ಮರೆಯಾಗುವವರೆಗೆ ಇವರು ಕ್ಯಾರಿಯರನ್ನೇ ನೋಡುತ್ತಿದ್ದರು.

ಆಮೇಲೆ ಒಳಗೆ ಬಂದು ಫೋನು ತಾ ಎಂದರು. ಇವರ ಬೆರಳಿಗೆ ಪರದೆ ಸರಿಯಾಗಿ ಓಗೊಡುವುದಿಲ್ಲ, ಒಂದು ಒತ್ತಿದರೆ ಇನ್ನೊಂದು ಬರುತ್ತದೆ. ಹಾಗಾಗಿ ನಾನು ನಂಬರು ಹಚ್ಚಿ ಕಿವಿಗೆ ಹಿಡಿದೆ, ಇವರು ಮಾತಾಡಿದರು. ಸೊಸೆ ನೋಡಲು ಶುರು ಮಾಡುವ ಮುಂಚೆ ಕ್ಯಾರಿಯರ್ ಹಾಕಿಸಿಕೊಂಡಿದ್ದ ಪ್ರತಿಯೊಬ್ಬರಿಗೂ ಅದೇ ಮಾತು. ನಾನು ಹಾಕಿದ ಕ್ಯಾರಿಯರ್ ಸಡಿಲ ಇರಬಹುದು, ತಪ್ಪು ನನ್ನದೇ, ಬೇರೆಯವರ ಹತ್ತಿರ ಒಮ್ಮೆ ತಿರುಗಿಸಿ ನೋಡಿಸಿ, ಅಲ್ಲಿಯವರೆಗೆ ಮೇಲೆ ಏನೂ ಹೇರಬೇಡಿ. ಕೆಲವರು ನಕ್ಕರು, ಏನೂ ಆಗಿಲ್ಲ ಬಿಡಿ ಎಂದರು. ಒಬ್ಬರು ಚೆನ್ನಾಗಿ ಬೈದರು. ಇವರು ಬೈಗುಳ ಮುಗಿಯುವವರೆಗೆ ಕೇಳಿಸಿಕೊಂಡು, ಸರಿ ಸಾರ್, ಆದರೆ ಇವತ್ತೇ ನೋಡಿಸಿ ಎಂದರು. ಇಡೀ ಜನ್ಮದಲ್ಲಿ ಇವರು ಇಷ್ಟು ಜನರೊಂದಿಗೆ ಮಾತಾಡಿದ್ದನ್ನು ನಾನು ಕಂಡಿರಲಿಲ್ಲ.

ಒಂದು ನಂಬರು ಮಾತ್ರ ಸಿಗಲಿಲ್ಲ. ಇಬ್ಬರು ಸಣ್ಣ ಮಕ್ಕಳನ್ನು ಕರೆದುಕೊಂಡು ಬಂದಿದ್ದ ಮೇಷ್ಟರದು. ರಜೆ ಬಂದಾಗಲೆಲ್ಲ ಗಂಡ ಹೆಂಡತಿ ಮಕ್ಕಳು ಗುಡ್ಡದ ಮೇಲೆ ಡೇರೆ ಹಾಕಿ ಇರುತ್ತೇವೆ ಎಂದು ಸಂಭ್ರಮದಿಂದ ಹೋಗಿದ್ದರು. ಮತ್ತೆ ಹಚ್ಚು ಎಂದರು, ಹಚ್ಚಿದೆ. ವ್ಯಾಪ್ತಿಯ ಹೊರಗಿದ್ದಾರೆ ಎಂದು ಅದೇ ಹೆಂಗಸಿನ ದನಿ.

ಅಷ್ಟರಲ್ಲಿ ಫೋನು ತಾನೇ ಬಡಿದುಕೊಂಡಿತು. ಇಬ್ಬರೂ ಬೆಚ್ಚಿಬಿದ್ದೆವು. ಸೊಸೆ. ದಿನಾ ಸಂಜೆ ಮಾಡುವ ಹಾಗೆ, ಮಾವ ಮಾತ್ರೆ ತೆಗೆದುಕೊಂಡರೇ, ಗಾಡಿ ಏನಾದರೂ ಬಂತೇ ಎಂದು ವಿಚಾರಿಸಲು. ನಾನು ಬಾಯಿ ತೆರೆಯುವ ಮುಂಚೆಯೇ ಇವರು ಕೈ ಚಾಚಿದರು. ಫೋನನ್ನು ಎರಡೂ ಅಂಗೈಗಳ ನಡುವೆ ಒತ್ತಿ ಹಿಡಿದುಕೊಂಡರು.

“ಇನ್ಮೇಲೆ ಕಂಪ್ರೆಸರ್ ಹಾಕ್ಬೇಡಮ್ಮ,” ಎಂದರು.

ಆ ಕಡೆ ಅವಳು ಅಳುತ್ತಿರುವುದು ನನಗೂ ಕೇಳಿಸಿತು. ಇವರು ಅವಳನ್ನು ಸಮಾಧಾನ ಮಾಡಲಿಲ್ಲ. ಫೋನು ನನ್ನ ಕೈಗೆ ಕೊಟ್ಟು, ಆ ಮೇಷ್ಟರ ನಂಬರು ಇನ್ನೊಂದು ಸಲ ಹಚ್ಚು ಎಂದರು.