ಎರಡನೇ ಸಲದ ಹೊಲಿಗೆ

ನಾನು ಕ್ರೇನ್ ಓಡಿಸುವವಳು. ಮೇಲೆ ಕ್ಯಾಬಿನ್‌ಗೆ ಹತ್ತಬೇಕಾದರೆ ಸುರಕ್ಷತಾ ಬೆಲ್ಟು ತಡೆಯುವಷ್ಟೇ ತೂಕವಿರಬೇಕು. ಕೆಲವು ವರ್ಷಗಳ ಹಿಂದೆ ಆಪರೇಷನ್‌ನಲ್ಲಿ ಹೊಟ್ಟೆ ಚಿಕ್ಕದು ಮಾಡಿಸಿಕೊಂಡು ಇಳಿಸಿದ ತೂಕ ನಾಚಿಕೆಯಿಲ್ಲದೆ ವಾಪಸು ಬಂತು. ಮೇಲ್ವಿಚಾರಕ ತೂಕದ ಯಂತ್ರ ನೋಡಿ, "ಇನ್ಮೇಲೆ ಸ್ಟೋರಲ್ಲಿ ಕೂತ್ಕೊಳ್ಳಮ್ಮ" ಎಂದ. ನಟ್ಟು ಬೋಲ್ಟು ಕಾಯುತ್ತಾ ಕೂರಲು ಕ್ರೇನ್ ಕಲಿತೆನೇ? ಮೈ ಉರಿದುಹೋಯಿತು.

ಮನೆಯಲ್ಲಿ ಅಕ್ಕ ಇನ್ನೊಂದು ರಾಗ ತೆಗೆದಳು. "ಡಾಕ್ಟ್ರು ಸರಿ ಮಾಡ್ಕೊಟ್ಟಿದ್ದನ್ನ ತಿಂದು ತಿಂದು ಹಾಳು ಮಾಡ್ಕೊಂಡೆ. ಮತ್ತೆ ಯಾವ ಮುಖ ಇಟ್ಕೊಂಡು ಹೋಗ್ತೀಯೇ?"

"ಇದೇ ಮುಖ. ಬೇರೆ ಇಲ್ಲ," ಎಂದೆ.

ಅಕ್ಕನ ಜೊತೆಗೇ ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ಮತ್ತಿನ ಮದ್ದು ಕೊಟ್ಟು ನನ್ನ ಬಾಯಿಯ ಮೂಲಕ ಕ್ಯಾಮೆರಾ ಕೊಳವೆ ಇಳಿಸಿ ನೋಡಿದರು. ಎಚ್ಚರವಾದ ಮೇಲೆ ಪರದೆಯಲ್ಲಿ ತೋರಿಸಿದರು. "ಆವತ್ತು ಹೊಟ್ಟೇನ ಕರುಳಿಗೆ ಸೇರಿಸಿದ ಜಾಗ ಅಗಲ ಆಗಿದೆ. ತಿಂದಿದ್ದು ನಿಲ್ಲಲ್ಲ, ಬೇಗ ಹಸಿವಾಗುತ್ತೆ. ತುಂಬಾ ಜನಕ್ಕೆ ಹೀಗಾಗುತ್ತೆ."

"ಕೇಳಿಸ್ಕೊಂಡ್ಯಾ?" ಎಂದು ಅಕ್ಕನ ಕಡೆ ತಿರುಗಿದೆ. ಅವಳು ಕಿಟಕಿ ನೋಡಿದಳು.

"ಕೊಯ್ಯೋದು ಬೇಡ. ಬಾಯಿ ಮೂಲಕಾನೇ ಹೋಗಿ ಹೊಲಿಗೆ ಹಾಕಿ ಬಿಗಿ ಮಾಡ್ತೀವಿ. ಆದ್ರೆ ಮಧ್ಯಾಹ್ನ ಏನು ತಿಂತೀರಿ?" ಎಂದು ಡಾಕ್ಟರಮ್ಮ ಕೇಳಿದರು.

"ಏನೂ ಇಲ್ಲ."

ನಾನು ಸುಳ್ಳು ಹೇಳಿರಲಿಲ್ಲ. ಕ್ರೇನಿನವರು ಮಧ್ಯಾಹ್ನ ಇಳಿಯುವುದಿಲ್ಲ; ಇಳಿದರೆ ಕೆಳಗಿರುವವರೆಲ್ಲ ಕೈಕಟ್ಟಿ ನಿಲ್ಲಬೇಕು. ಅದಕ್ಕೇ ಜೇಬಿನಲ್ಲಿ ಬಿಸ್ಕತ್ತು, ಪಕ್ಕದಲ್ಲಿ ಸಿಹಿ ಜ್ಯೂಸು, ಸಂಜೆವರೆಗೂ ಬಾಯಾಡಿಸುವುದು. ಅದನ್ನು ನಮ್ಮಲ್ಲಿ ಯಾರೂ ತಿನ್ನುವುದು ಅನ್ನುವುದಿಲ್ಲ. ಡಾಕ್ಟರಮ್ಮನಿಗೆ ಇದನ್ನೆಲ್ಲ ಹೇಳಿದಾಗ ಅವರು ನಗಲಿಲ್ಲ.

"ಹೊಲಿಗೆ ನಾನು ಹಾಕ್ತೀನಿ. ಕೂತು ಊಟ ಮಾಡೋದು ನೀವು. ಇಲ್ದಿದ್ರೆ ಇದೂ ಉಳಿಯಲ್ಲ."

ಹೊಲಿಗೆ ಬಿತ್ತು. ಅಕ್ಕ ಗೊಣಗುತ್ತಲೇ ಮನೆಗೆ ಕರೆತಂದಳು, ಗೊಣಗುತ್ತಲೇ ತೆಳ್ಳಗಿನ ಸೂಪು ಸೋಸಿ ಕೊಟ್ಟಳು. ವಾರಗಳಾದ ಮೇಲೆ ಮೆತ್ತಗಿನದು, ಆಮೇಲೆ ಊಟ. ತೂಕ ನಿಧಾನಕ್ಕೆ ಇಳಿದು ಬೆಲ್ಟಿನ ಮಿತಿಯೊಳಗೆ ಬಂತು. ಮೇಲ್ವಿಚಾರಕ ತೂಕದ ಯಂತ್ರವನ್ನು ಎರಡು ಸಲ ತಟ್ಟಿ ನೋಡಿದ. ನಾನು ಏಣಿ ಹತ್ತಿದೆ.

ಮಧ್ಯಾಹ್ನ ಖಾಲಿ ಕೊಕ್ಕೆಯನ್ನು ಮೇಲೆತ್ತಿ ನಿಲ್ಲಿಸಿ ಇಳಿದು ಬಂದೆ. ಹಲಗೆಯ ಮೇಲೆ ಕೂತು ಡಬ್ಬಿ ಬಿಚ್ಚಿದೆ. ಅಲ್ಲಿದ್ದವರೆಲ್ಲ ನನ್ನನ್ನೇ ನೋಡಿದರು. ಏಳಲಿಲ್ಲ, ಮೊದಲ ತುತ್ತು ಬಾಯಿಗಿಟ್ಟೆ.

ಮೇಲ್ವಿಚಾರಕ ಓಡಿ ಬಂದ. "ಏನಮ್ಮಾ ಇದು! ಕಬ್ಬಿಣದ ಲಾರಿ ನಿಂತಿದೆ!"

ಬಾಯಲ್ಲಿದ್ದುದನ್ನು ಪೂರ್ತಿ ಅಗಿದು ನುಂಗಿದೆ.

"ನಿಂತಿರ್ಲಿ ಸಾರ್. ಊಟ ಮಾಡ್ತಿದ್ದೀನಿ. ನಾಳೆನೂ ಮಾಡ್ತೀನಿ."

"ಹೀಗಾದ್ರೆ ಬೇರೆಯವ್ರನ್ನ ಹತ್ತಿಸ್ಬೇಕಾಗುತ್ತೆ!"

"ಹತ್ತಿಸಿ."

ಅವನು ಸುತ್ತ ನೋಡಿದ. ಒಬ್ಬರೂ ಮುಂದೆ ಬರಲಿಲ್ಲ; ನನ್ನ ಬದಲು ಓಡಿಸುತ್ತಿದ್ದವನು ಬೇರೆ ಕಡೆಯ ಕೆಲಸಕ್ಕೆ ಹೋಗಿಯಾಗಿತ್ತು. ಏಣಿಯ ತುದಿವರೆಗೂ ಕತ್ತೆತ್ತಿ ನೋಡಿದ. ಆಮೇಲೆ ಲಾರಿಯವನಿಗೆ ಎಂಜಿನ್ ಆರಿಸಿ ಕಾಯುವಂತೆ ಕೈ ಮಾಡಿದ.