ತೊಳೆದುಕೊಂಡು ಬಂದ ಕಾಲುಗಳು

ನಾನೊಂದು ಹಿತ್ತಾಳೆಯ ಬೋಗುಣಿ. ನಾಗಮಂಗಲದ ಕಂಚುಗಾರರ ಕೇರಿಯಲ್ಲಿ ಮೂರು ದಿನ ಸುತ್ತಿಗೆಯ ಏಟು ತಿಂದು ಹುಟ್ಟಿದೆ. ಬಾಯಿ ಅಗಲ, ತಳ ಗಟ್ಟಿ. ಅಂಚಿನಲ್ಲಿ ಒಂದು ಸಣ್ಣ ತಗ್ಗಿದೆ. ಅದು ಕುಸುರಿಯಲ್ಲ, ನನ್ನನ್ನು ಬಡಿದವನಿಗೆ ಊಟದ ಅವಸರವಿತ್ತು. ಆ ತಗ್ಗನ್ನೇ ತೋರಿಸಿ ಚೌಕಾಸಿ ಮಾಡಿ ಕೊಂಡವರು ಸೌರಮ್ಮನ ತಂದೆ. ಮಗಳ ಮದುವೆಗೆ ಉಡುಗೊರೆಯಾಗಿ ನಾನು ಅವಳ ಜೊತೆ ಗಂಡನ ಮನೆಗೆ ಬಂದೆ.

ಸೌರಮ್ಮ ಇಬ್ಬರು ಗಂಡು ಮಕ್ಕಳನ್ನು ಹೆತ್ತಳು. ದೊಡ್ಡವನು ಇನ್ನಾಸಪ್ಪ, ಚಿಕ್ಕವನು ರಾಯಪ್ಪ. ಇಬ್ಬರಿಗೂ ಮೀಯುವ ನೀರು ಹದವಾಗುತ್ತಿದ್ದದ್ದು ನನ್ನಲ್ಲೇ. ಹಾಗಾಗಿ ಊರೆಲ್ಲ ಆಮೇಲೆ ಇನ್ನಾಸಪ್ಪನನ್ನು ಬಹುವಚನದಲ್ಲಿ ಕರೆದರೂ ನನಗೆ ಅವನು ಏಕವಚನವೇ. ಅವನು ಬೆಳೆದು ನಮ್ಮೂರ ಚರ್ಚಿನ ಉಪದೇಶಿಯಾದ. ಗುರುಗಳಿಲ್ಲದ ದಿನ ಜಪ ನಡೆಸುವುದು, ಮಕ್ಕಳಿಗೆ ಧರ್ಮೋಪದೇಶ ಹೇಳುವುದು ಅವನ ಕೆಲಸ. ಆ ಸಂತೋಷಕ್ಕೆ ಸೌರಮ್ಮ ನನ್ನನ್ನು ಹುಣಸೆಹಣ್ಣು ಹಚ್ಚಿ ತಿಕ್ಕಿ ಚರ್ಚಿಗೆ ಒಪ್ಪಿಸಿದಳು.

ಅಲ್ಲಿ ನನಗೆ ವರ್ಷಕ್ಕೆ ಒಂದೇ ದಿನದ ದುಡಿಮೆ. ಯೇಸುಸ್ವಾಮಿ ಶಿಷ್ಯರ ಕಾಲು ತೊಳೆದ ನೆನಪಿಗೆ ಪವಿತ್ರ ಗುರುವಾರದ ಸಂಜೆ ಗುರುಗಳು ಊರಿನ ಹನ್ನೆರಡು ಗಂಡಸರ ಕಾಲು ತೊಳೆಯುತ್ತಾರೆ. ಆ ಹನ್ನೆರಡು ಮಂದಿಯನ್ನು ಆರಿಸುವವನೂ ಇನ್ನಾಸಪ್ಪ, ಅವರ ಕಾಲ ಕೆಳಗೆ ನನ್ನನ್ನು ಹಿಡಿಯುವವನೂ ಇನ್ನಾಸಪ್ಪ. ಎಂಥ ಕಾಲುಗಳು ಅಂತೀರಿ! ಮನೆಯಲ್ಲೇ ಸೋಪು ಹಾಕಿ ಉಜ್ಜಿ, ಉಗುರು ಕತ್ತರಿಸಿ, ಪೌಡರ್ ಬಳಿದುಕೊಂಡು ಬಂದವು. ಗುರುಗಳ ಕೈ ಕೊಳೆಯಾಗಬಾರದೆಂದು ಅದು ಇನ್ನಾಸಪ್ಪ ಮಾಡಿದ ಕಟ್ಟಳೆ. ನನ್ನೊಳಗೆ ಬಿದ್ದ ನೀರನ್ನು ಹಾಗೇ ಕುಡಿಯಬಹುದಿತ್ತು.

ರಾಯಪ್ಪನ ಕಾಲು ಮಾತ್ರ ಆ ಸಾಲಿನಲ್ಲಿ ಕಾಣಲಿಲ್ಲ. ತಂದೆ ತೀರಿಕೊಂಡ ದಿನ ಅವನು ಕುಡಿದು ಬಂದಿದ್ದನಂತೆ. "ನಿನ್ನಂಥೋನು ಹೆಗಲು ಕೊಟ್ರೆ ಅಪ್ಪನ ಆತ್ಮಕ್ಕೆ ಸಾಂತಿ ಸಿಕ್ಕಲ್ಲ" ಎಂದು ಇನ್ನಾಸಪ್ಪ ಜನರ ಮುಂದೆಯೇ ಶವಪೆಟ್ಟಿಗೆಯಿಂದ ತಮ್ಮನ ಕೈ ಬಿಡಿಸಿದ. ಅಂದಿನಿಂದ ರಾಯಪ್ಪ ಕುಡಿತ ಬಿಟ್ಟ, ಚರ್ಚನ್ನೂ ಬಿಟ್ಟ. ಸೌರಮ್ಮ ಆ ಕೊರಗಿನಲ್ಲೇ ಕಣ್ಣು ಮುಚ್ಚಿದಳು.

ಪ್ರತಿ ವರ್ಷ ಗುರುಗಳು ಕೇಳುತ್ತಿದ್ದರು, "ಈ ಸಲ ತಮ್ಮನನ್ನು ಕರೆದೆಯಾ, ಇನ್ನಾಸಪ್ಪ?"

"ಕರ್ದೆ ಸ್ವಾಮಿ. ಬರಾಕಿಲ್ಲ ಅಂದ," ಎನ್ನುತ್ತ ಇನ್ನಾಸಪ್ಪ ನನ್ನನ್ನು ಒರೆಸುತ್ತಿದ್ದ. ಎಷ್ಟು ನೋವಿನಿಂದ ಹೇಳುತ್ತಿದ್ದನೆಂದರೆ ನನ್ನ ಹಿತ್ತಾಳೆ ಕರುಳೂ ಚುರುಕ್ಕೆನ್ನುತ್ತಿತ್ತು.

ರಾಯಪ್ಪ ಚರ್ಚು ಬಿಟ್ಟ ಒಂಬತ್ತನೆಯ ವರ್ಷ ಹೊಸ ಗುರುಗಳು ಬಂದರು. ಅವರು ಯಾರನ್ನೂ ಕೇಳಲಿಲ್ಲ, ಹನ್ನೆರಡನೆಯವನನ್ನು ತಾವೇ ಕರೆತರುವುದಾಗಿ ಮಾತ್ರ ಹೇಳಿದರು. ಗುರುವಾರ ಇಳಿಹೊತ್ತಿಗೆ ತಾವೇ ಗದ್ದೆಯ ಬದುವಿಗೆ ಹೋಗಿ ರಾಯಪ್ಪನನ್ನು ಕರೆದರು. ಅವನು ನೀರು ಕಟ್ಟುತ್ತಿದ್ದವನು ಗುದ್ದಲಿ ಬಿಟ್ಟು ಹಾಗೇ ಬಂದುಬಿಟ್ಟ. ಹನ್ನೊಂದು ಮಂದಿ ಬೆಳ್ಳಗಿನ ಪಂಚೆಯಲ್ಲಿ ಕುಳಿತಿದ್ದರು. ನೀರು ತುಂಬಿದ ನನ್ನನ್ನು ಹಿಡಿದು ಬರುತ್ತಿದ್ದ ಇನ್ನಾಸಪ್ಪನಿಗೆ ಬಾಗಿಲಲ್ಲಿ ತಮ್ಮ ಎದುರಾದ. ಮೊಣಕಾಲಿನವರೆಗೆ ಕೆಸರು, ಹಿಮ್ಮಡಿ ತುಂಬ ಬಿರುಕು. ಎಷ್ಟು ಕಾಲದ ಮೇಲೆ ನೋಡಿದ ಕಾಲುಗಳು! ನನಗೆ ಅಳು ಬಂತು.

"ಅಣ್ಣ..." ಎಂದ ರಾಯಪ್ಪ.

ಇನ್ನಾಸಪ್ಪ ಅವನ ಮುಖ ನೋಡಲಿಲ್ಲ, ಕಾಲು ನೋಡಿದ. "ಇದೇನ್ ದನದ ಕೊಟ್ಟಿಗೆಯಾ? ಹೋಗು, ಕಾಲ್ ತೊಳ್ಕೊಂಡು ಬಾ."

ಕಾಲು ತೊಳೆಸಿಕೊಳ್ಳಲು ಬಂದವನಿಗೆ ತೊಳೆದುಕೊಂಡು ಬಾ ಎಂದ ಉಪದೇಶಿ! ನಾನು ಅವನ ಕೈಯಿಂದ ಜಾರಿ ಬಿದ್ದು ಊರಿಗೆಲ್ಲ ಕೇಳುವಂತೆ ಸದ್ದು ಮಾಡಬೇಕಿತ್ತು. ಆದರೆ ಗಟ್ಟಿಯಾಗಿ ಹಿಡಿದಿದ್ದ. ರಾಯಪ್ಪ ತಲೆಯಾಡಿಸಿ ಹೊರಟ. ಗುರುಗಳು ಸ್ವಲ್ಪ ಹೊತ್ತು ಕಾದರು. ಅವನು ತಿರುಗಿ ಬರಲಿಲ್ಲ.

ಆಷಾಢದ ಒಂದು ಬೆಳಿಗ್ಗೆ ಅದೇ ಗದ್ದೆಯಲ್ಲಿ ರಾಯಪ್ಪ ಎದೆ ಹಿಡಿದುಕೊಂಡು ಕುಸಿದ. ಮನೆಗೆ ತರುವಷ್ಟರಲ್ಲಿ ಉಸಿರಿರಲಿಲ್ಲ. ಸುದ್ದಿ ಕೇಳಿದ ಇನ್ನಾಸಪ್ಪ ಚರ್ಚಿಗೆ ಓಡಿದ. ಬೀರು ತೆಗೆದು ನನ್ನನ್ನು ಎತ್ತಿಕೊಂಡ, ಬಾವಿಯ ನೀರು ತುಂಬಿಸಿ ಚೆಲ್ಲಿಕೊಳ್ಳುತ್ತ ತಮ್ಮನ ಮನೆಗೆ ಬಂದ. ಜಗುಲಿಯಲ್ಲಿ ರಾಯಪ್ಪನ ಹೆಂಡತಿ ಜಪಮಾಲೆ ನಿಂತಿದ್ದಳು.

"ಅವನ ಕಾಲು ನಾನ್ ತೊಳೀತೀನಿ ಕಣವ್ವ," ಎಂದ ಇನ್ನಾಸಪ್ಪ.

ಜಪಮಾಲೆ ಅಡ್ಡ ಬರಲಿಲ್ಲ, ದನಿ ಏರಿಸಲಿಲ್ಲ. "ಸ್ನಾನ ಮಾಡ್ಸಿ ಆಯ್ತು ಬಾವ. ನೀವು ತೊಳ್ಕೊಂಡು ಬಾ ಅಂದಿದ್ರಲ್ಲ, ತೊಳ್ಕೊಂಡೇ ಹೋಯ್ತಾವ್ರೆ," ಎಂದಳು.

ಇನ್ನಾಸಪ್ಪ ನನ್ನನ್ನು ಅಲ್ಲೇ ಜಗುಲಿಯ ಕೆಳಗೆ ಇಟ್ಟ. ಆಮೇಲೆ ನನ್ನನ್ನು ಕೇಳಿಕೊಂಡು ಯಾರೂ ಬರಲಿಲ್ಲ. ಚರ್ಚಿಗೆ ಸ್ಟೀಲಿನದು ತಂದರಂತೆ. ಇನ್ನಾಸಪ್ಪ ಉಪದೇಶಿಯ ಕೆಲಸ ಬಿಟ್ಟ. ನಾನೀಗ ಜಪಮಾಲೆಯ ಹಿತ್ತಲಿನಲ್ಲಿ ಕೋಳಿಗಳಿಗೆ ನೀರಿಡುವ ಪಾತ್ರೆ. ಮೈಯೆಲ್ಲ ಕಿಲುಬು. ಅದರ ಬಗ್ಗೆ ನನಗೆ ದುಃಖವಿಲ್ಲ. ಇಷ್ಟು ವರ್ಷ ಅಷ್ಟು ಶುಭ್ರವಾಗಿ ಹೊಳೆದು ದೇವರಿಗೆ ನಾನು ಸಲ್ಲಿಸಿದ್ದೇನು, ಅದೇ ದುಃಖ.

ಈ ವರ್ಷದ ಪವಿತ್ರ ಗುರುವಾರ ಇನ್ನಾಸಪ್ಪ ಬಂದ. ಹಿತ್ತಲ ಬಾಗಿಲಲ್ಲೇ ನಿಂತ. ಅಲ್ಲಿಂದಲೇ ಹೇಳಿದ, "ಜಪಮಾಲೆ, ಒಂದು ವರ್ಸಾನೂ ನಾನವನ್ನ ಕರೀಲಿಲ್ಲ ಕಣವ್ವ. ಕರ್ದೆ ಅಂತ ಸ್ವಾಮಿಯೋರಿಗೆ ಸುಳ್ಳೇಳ್ದೆ. ದೇವರ ಮುಂದೆ ಮೊಣಕಾಲೂರಿದಾಗ್ಲೂ ಅದೊಂದನ್ನ ಮುಚ್ಚಿಟ್ಟೆ."

ನನಗೆ ಸಿಡಿಲು ಬಡಿದಂತಾಯಿತು. ಜಪಮಾಲೆ ಮಾತ್ರ ಕೋಳಿಗೆ ಕಾಳು ಹಾಕುವುದನ್ನು ನಿಲ್ಲಿಸಲಿಲ್ಲ.

"ನಂಗೆ ಗೊತ್ತು ಬಾವ. ಪ್ರತಿ ವರ್ಸ ಈ ದಿನ ಗಡ್ಡ ಕೆರ್ಸ್ಕೊಂಡು, ಮಡಿ ಪಂಚೆ ಉಟ್ಕೊಂಡು ಜಗಲಿ ಮೇಲೆ ಕೂತಿರೋರು. ಅಣ್ಣ ಕರ್ಯಾಕೆ ಬತ್ತಾನೆ ಅಂತ. ಎಂಟು ವರ್ಸ ಆದ್ಮೇಲೆ, ಇನ್ನು ಬರಲ್ಲ ಬುಡು ಅಂತ ಗದ್ದೆಗೆ ಹೋದ್ರು."

ಇನ್ನಾಸಪ್ಪ ಜಗುಲಿಗೆ ಹೋಗಿ ಕುಳಿತ. ಸಂಜೆ ಚರ್ಚಿನಲ್ಲಿ ಬಲಿಪೂಜೆಯ ಹಾಡು ಶುರುವಾಗಿ, ನಡೆದು, ಮುಗಿಯಿತು. ಅವನನ್ನು ಕರೆಯಲು ಯಾರೂ ಬರಲಿಲ್ಲ.